ಡಿಜೆ ಮೆಷಿನ್ನಿಗೆ ಕುರಿಯ ಗುರುತು

ಮಕ್ಕಳೇ, ನಿಮ್ಮ ನಂದಿನಿ ಅಕ್ಕನ ಡಿಜೆ ಮೆಷಿನ್ನಿನ ವಿಷಯವಾಗಿ ಈ ಮನೆಯಲ್ಲಿ ನಾನಾ ಕಥೆಗಳು ಓಡಾಡುತ್ತಿವೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ನನ್ನ ಉದ್ದೇಶ ಬಹಳ ಒಳ್ಳೆಯದಿತ್ತು. ಮೆಷಿನ್ನಿನ ಗತಿ ಏನಾಯಿತೆಂಬುದು ಬೇರೆ ಮಾತು!

ಆ ಮೆಷಿನ್ನನ್ನು ನೀವು ನೋಡಿದ್ದೀರಿ. ಎರಡು ಬದಿಗೆ ದೋಸೆ ಕಾವಲಿಯಂಥ ತಟ್ಟೆಗಳು, ನಡುವೆ ಸಾಲಾಗಿ ಗುಂಡಿಗಳು, ಜಾರುವ ಕಡ್ಡಿಗಳು. ಕಡ್ಡಿಯನ್ನು ಜಾರಿಸಿದರೆ ಒಂದು ಹಾಡು ಮೆಲ್ಲಗೆ ಇಳಿದು ಇನ್ನೊಂದು ಏರಬೇಕು. ಆ ಶನಿವಾರ ಎರಡು ಕಡ್ಡಿಗಳು ಅಂಟಿಕೊಳ್ಳತೊಡಗಿದವು. ಹಾಡು ಇಳಿಯುವ ಬದಲು ಹಳ್ಳಕ್ಕೆ ಬಿದ್ದ ಆಟೋದಂತೆ ಧಡಕ್ಕೆಂದು ಬೀಳುತ್ತಿತ್ತು. ಮಾರನೆಯ ಸಂಜೆಯೇ ಹಲಸೂರಿನ ಛತ್ರದಲ್ಲಿ ರಿಸೆಪ್ಷನ್. ಮನೆಯವರಲ್ಲದವರು ನಂದಿನಿಯನ್ನು ಹಾಡು ಹಾಕಲು ಕರೆದದ್ದು ಅದೇ ಮೊದಲು. ಹುಡುಗಿಯ ಮುಖ ಬಾಡಿಹೋಗಿತ್ತು.

"ಬೆಳಿಗ್ಗೆನೇ ಶಿವಾಜಿನಗರಕ್ಕೆ ತಗೊಂಡೋಗ್ತೀನಿ ಅಜ್ಜಿ. ಅಲ್ಲಿ ಬಿಚ್ಚಿ ಕ್ಲೀನ್ ಮಾಡ್ಕೊಡ್ತಾರೆ" ಎಂದು ಹೇಳಿ, ಅವಳು ಬಟ್ಟೆ ತರಲು ಇಂದಿರಾನಗರಕ್ಕೆ ಹೋದಳು.

ಬಿಚ್ಚುತ್ತಾರೆ, ಸರಿ. ಮುಚ್ಚುವಾಗ ಒಳಗೆ ಏನನ್ನು ಇಡುತ್ತಾರೆ?

ಅಂಗಡಿಯವರನ್ನೇ ಕೇಳಬಹುದಿತ್ತು. ಆದರೆ ಹೊರಗಿನವರ ಮುಂದೆ ನನಗೆ ಬಾಯಿ ಬರುವುದಿಲ್ಲ. ಬಾಯಿ ಬರದವರಿಗೆ ಅನುಮಾನ ಬಲು ಬೇಗ ಬರುತ್ತದೆ. ಅದಕ್ಕೆ ಸರಿಯಾಗಿ ಪಕ್ಕದ ಮನೆಯ ಮುನಿರತ್ನಮ್ಮ ಕರಿಬೇವು ಕೇಳಿಕೊಂಡು ಬಂದಳು. ಅವಳಿಗೆ ವಿಷಯ ಹೇಳಿದೆ.

"ರಿಪೇರಿಗಾ? ಅಯ್ಯೋ ಅಕ್ಕಯ್ಯ! ನಮ್ ಮಿಕ್ಸಿ ಕೊಟ್ಟಿದ್ನಲ್ಲ, ವಾಪಸ್ ಬಂದಾಗ ಅದ್ರ ಸೌಂಡೇ ಬೇರೆ! ಒಳಗಿನ ಮಾಲೆಲ್ಲ ಬದ್ಲಾಯ್ಸ್ಬಿಟ್ಟವ್ರೆ."

"ನಿನಗೆ ಹೇಗೆ ಗೊತ್ತಾಯ್ತೇ?"

"ಗೊತ್ತಾಗದಂಗೇ ಅಲ್ವಾ ಬದಲಾಯ್ಸೋದು!"

ಕರಿಬೇವು ಕೊಟ್ಟು ಅವಳನ್ನು ಕಳಿಸಿ, ಮೆಷಿನ್ನಿನ ಮುಂದೆ ಬಂದು ಕುಳಿತೆ.

ಆಗ ನಿಮ್ಮ ತಾತ ನೆನಪಾದರು. ಕೆ.ಆರ್.ಪುರದ ಸುತ್ತ ಹೊಲಗಳಿದ್ದ ಕಾಲದಲ್ಲಿ, ನಮ್ಮ ಕುರಿಗಳು ಪರರ ಮಂದೆಗೆ ಸೇರಿಹೋಗದಿರಲೆಂದು ಅವರು ಬೆನ್ನಿಗೆ ಕೆಂಪು ಗುರುತು ಹಾಕುತ್ತಿದ್ದರು. ಒಂದು ಕುರಿಯೂ ಬದಲಾಗಲಿಲ್ಲ. ಕುರಿಗೆ ಆಗುವುದು ಮೆಷಿನ್ನಿಗೆ ಏಕಾಗಬಾರದು?

ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತಂದೆ. ಅವರೆಕಾಳು ಹಿದುಕುವವಳಿಗೆ ಗುಂಡಿಗಳು ಒಂದು ಲೆಕ್ಕವೇ? ಪಟಪಟನೆ ಕಿತ್ತೆ. ಸ್ಕ್ರೂಗಳು ಕಳೆಯದಿರಲೆಂದು ಒಗ್ಗರಣೆ ಡಬ್ಬಿಯ ಖಾಲಿ ಬಟ್ಟಲಿಗೆ ಹಾಕಿದೆ. ದೇವರ ಗೂಡಿನ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ, ಊದಿನಕಡ್ಡಿಯ ತುದಿಯಿಂದ ಒಳಗಿದ್ದ ಒಂದೊಂದು ಭಾಗಕ್ಕೂ ಬೊಟ್ಟಿಟ್ಟೆ. ಇನ್ನು ಯಾವ ಕಳ್ಳ ಬರುತ್ತಾನೋ ಬರಲಿ!

ಹೇಗೂ ಬಿಚ್ಚಿಯಾಗಿದೆ ಎಂದು, ಬಾಗಿಲ ಕೀಲಿಗೆ ಬಿಡುವಂತೆ ಎಲ್ಲ ಕಡ್ಡಿಗಳ ಸಂದಿಗೂ ಒಂದೊಂದು ತೊಟ್ಟು ಹರಳೆಣ್ಣೆ ಬಿಟ್ಟೆ. ಮುಚ್ಚೋಣವೆಂದು ಡಬ್ಬಿ ಎತ್ತಿದರೆ ಕೈಯೆಲ್ಲ ಎಣ್ಣೆ. ಡಬ್ಬಿ ಜಾರಿತು. ಸ್ಕ್ರೂಗಳು ಸಾಸಿವೆಯಲ್ಲಿ ಬೆರೆತವು. ಮೊರ ತಂದು ಕೇರಿದೆ. ಸಾಸಿವೆ ಒಂದು ಕಡೆ ಬಂತು, ಸ್ಕ್ರೂ ಒಂದು ಕಡೆ ಬಂತು. ಬಹುಪಾಲು!

ಎಲ್ಲವನ್ನೂ ಜೋಡಿಸಿ ಕಡ್ಡಿಗಳನ್ನು ತಳ್ಳಿ ನೋಡಿದೆ. ಮೊದಲು ಎರಡು ಮಾತ್ರ ಅಂಟುತ್ತಿದ್ದವು. ಈಗ ಎಲ್ಲದರಲ್ಲೂ ಒಗ್ಗಟ್ಟು ಮೂಡಿತ್ತು. ಮೆಷಿನ್ನನ್ನು ಬ್ಯಾಗಿಗೆ ಸೇರಿಸಿ, ಜಿಪ್ ಎಳೆದು, ಸಭ್ಯಸ್ಥಳಂತೆ ಸೊಪ್ಪು ಬಿಡಿಸುತ್ತಾ ಕುಳಿತೆ.

ಬೆಳಿಗ್ಗೆ, "ನಾನೂ ಬರ್ತೀನಿ ಕಣೇ" ಎಂದೆ.

ನಂದಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೆಂಟ್ರು ಬಂದ್ರೆ ಅಡಿಗೆಮನೆ ಸೇರ್ಕೋತೀಯ. ಶಿವಾಜಿನಗರಕ್ಕೆ ಯಾಕೆ?"

"ಸುಮ್ನೆ. ಗಾಳಿಗೆ."

"ಶಿವಾಜಿನಗರದಲ್ಲಿ? ಗಾಳಿ?"

ಅಂಗಡಿಯ ಯಜಮಾನರು ಜಬ್ಬಾರ್ ಭಾಯಿ ಎಂಬ ಬಿಳಿ ಗಡ್ಡದವರು. ಅವರ ಕೈಯ ಮೇಲಿಂದ ಕಣ್ಣು ಕದಲಿಸದೆ ಸ್ಟೂಲಿನ ಮೇಲೆ ಕುಳಿತೆ. ಅವರು ಮೆಷಿನ್ನನ್ನು ಬೋರಲು ಹಾಕಿದರು. ಮೇಜಿನ ಮೇಲೆ ಸಾಸಿವೆ ಉದುರಿತು.

"ಇದೇನಮ್ಮಾ?"

"ಸಾಸಿವೆ" ಎಂದೆ. ಸುಳ್ಳು ಹೇಳುವ ಪ್ರಶ್ನೆಯೇ ಇರಲಿಲ್ಲ.

ಭಾಯಿ ಮುಚ್ಚಳ ತೆಗೆದರು. ಎಣ್ಣೆ ಹರಿದು, ನನ್ನ ಬೊಟ್ಟುಗಳೆಲ್ಲ ಒಂದಾಗಿ ಓಕುಳಿಯಾಗಿತ್ತು. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಯಾ ಅಲ್ಲಾ! ಇದನ್ನ ಯಾರೋ ಮೊದ್ಲೇ ಬಿಚ್ಚಿದಾರೆ. ಏನೇನ್ ತೆಗ್ದಿದಾರೋ, ಏನೇನ್ ಹಾಕಿದಾರೋ! ನಾಳೆ ನನ್ ಮೇಲೆ ಹೇಳ್ತೀರ. ನಾನ್ ಮುಟ್ಟಲ್ಲ. ಮೊದ್ಲು ವೀಡಿಯೋ!"

ಅವರನ್ನು ಕಾಯಲು ಬಂದವಳನ್ನೇ ಅವರು ಕಳ್ಳಿಯನ್ನು ನೋಡುವಂತೆ ನೋಡುತ್ತಿದ್ದರು! ಫೋನು ನನ್ನ ಮುಖದ ಹತ್ತಿರ ಬಂತು. ಮದುವೆಯ ಫೋಟೋದಲ್ಲೂ ತಲೆ ಎತ್ತದವಳು ನಾನು.

"ಜೋರಾಗಿ ಹೇಳಿ ಅಮ್ಮಾ. ಬಿಚ್ಚಿದ್ದು ಯಾರು?"

"ನಾನೇ. ಗುರುತಿಗೆ… ನೀವು ಬದಲಾಯ್ಸ್ಬಾರ್ದು ಅಂತ."

"ಅಜ್ಜೀ!" ನಂದಿನಿ ಚೀರಿದಳು. "ಇದನ್ನೇನು ತಾತನ ಕುರಿ ಅಂದ್ಕೊಂಡ್ಯಾ?"

ಹೌದು ಎನ್ನಲು ಧೈರ್ಯ ಬರಲಿಲ್ಲ.

"ಸೋಮವಾರ ಬನ್ನಿ" ಎಂದರು ಭಾಯಿ. ನಂದಿನಿ ಕಣ್ಣು ತುಂಬಿಕೊಂಡು ಗೋಡೆಯತ್ತ ತಿರುಗಿದಳು. ಹೊರಗಿನವರ ಜೊತೆ ಮಾತಾಡದ ನಾನು ಎದ್ದು ನಿಂತು ಹೇಳಿದೆ:

"ಸಾಯೇಬ್ರೆ, ಅನುಮಾನ ನಂದು, ಎಣ್ಣೆನೂ ನಂದು. ಕೆಲಸ ಮಾತ್ರ ಮಗೂದು. ಇವತ್ತು ಸಂಜೆ ಹೋಗ್ದೆ ಇದ್ರೆ ಇನ್ಯಾರೂ ಅವಳನ್ನ ಕರೆಯಲ್ಲ."

ಭಾಯಿ ಗಡ್ಡ ಕೆರೆದುಕೊಂಡರು. "ಮಾಡ್ತೀನಿ. ಆದ್ರೆ ಅಮ್ಮ ಆಚೆ ಕೂತ್ಕೋಬೇಕು. ಏನೂ ಮುಟ್ಬಾರ್ದು."

ಆಚೆ ಕುಳಿತೆ. ಅವರು ಒಂದೊಂದೇ ಭಾಗ ತೆಗೆದು, ಬುಸ್ಸೆಂದು ಔಷಧಿ ಹೊಡೆದು, ಹತ್ತಿಯಿಂದ ಒರೆಸುತ್ತಾ ಹೋದರು. ಕೊಳೆ ಹೋಯಿತು. ಜೊತೆಗೆ ನನ್ನ ಗುರುತೂ ಹೋಯಿತು! ಈಗ ಅವರು ಇಡೀ ಮೆಷಿನ್ನನ್ನೇ ಬದಲಾಯಿಸಿದ್ದರೂ ನನ್ನ ಬಳಿ ಸಾಕ್ಷಿಯಿಲ್ಲ. ಅವರ ಬಳಿ ಮಾತ್ರ ನನ್ನ ವೀಡಿಯೋ ಭದ್ರವಾಗಿದೆ.

ಊಟದ ಹೊತ್ತು ಮೀರಿದ ಮೇಲೆ ಕಡ್ಡಿಗಳು ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಜಾರತೊಡಗಿದವು. ನಂದಿನಿ ಕಣ್ಣೊರೆಸಿಕೊಂಡು ನಕ್ಕಳು.

ಸಂಜೆ ಛತ್ರಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಮನೆಯಲ್ಲಿ ಬಿಟ್ಟರೆ ಇನ್ನೇನು ಬಿಚ್ಚುವೆನೋ ಎಂಬ ಭಯ. ಒಂದೇ ಷರತ್ತು: ಎರಡೂ ಕೈ ಮಡಿಲಲ್ಲಿರಬೇಕು, ಅಲುಗಾಡಬಾರದು. ಅವಳು ಹಾಡು ಹಾಕಿದಳು. ಜನ ಕುಣಿದದ್ದೇ ಕುಣಿದದ್ದು, ಮದುಮಗನ ಸೋದರತ್ತೆಯೂ ಸೆರಗು ಸಿಕ್ಕಿಸಿಕೊಂಡು ಇಳಿದರು. ನಾನು ಅವಳ ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡೂ ಕೈ ಮಡಿಲಲ್ಲಿಟ್ಟು, ಆ ಸದ್ದಿಗೆ ಕಣ್ಣು ಮುಚ್ಚಿ ಕುಳಿತಿದ್ದೆ.

ಯಾರೋ ಒಬ್ಬ ಹೆಂಗಸು ಬಂದು, "ಇಷ್ಟು ಗಲಾಟೆಯಲ್ಲೂ ಧ್ಯಾನ ಮಾಡ್ತಿದಾರೆ ನೋಡ್ರೀ, ಎಂಥಾ ದೊಡ್ಡವರು!" ಎಂದು ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು.

ಚೆನ್ನಾಗಿರಮ್ಮಾ ಎಂದು ಬಾಯಲ್ಲೇ ಹರಸಿದೆ. ಕೈ ಎತ್ತಲು ನಂದಿನಿಯ ಅಪ್ಪಣೆ ಇರಲಿಲ್ಲ!