ನನ್ನ ಮೂಗಿನ ಸುಳ್ಳು ವರದಿ

ಕಣ್ಣು ಹೋದವನನ್ನು ಜನ ಕೈಹಿಡಿದು ರಸ್ತೆ ದಾಟಿಸುತ್ತಾರೆ. ಕಿವಿ ಹೋದವನ ಹತ್ತಿರ ಜೋರಾಗಿ ಮಾತಾಡುತ್ತಾರೆ. ವಾಸನೆ ಹೋದವನನ್ನು ಕಂಡರೆ ಮಾತ್ರ ನಗುತ್ತಾರೆ. ಮೀನುಪೇಟೆಯ ಪಕ್ಕದಲ್ಲಿ ಅಗ್ಗದ ಬಾಡಿಗೆ ಮನೆ ಹಿಡಿಯಬಹುದಲ್ಲ ಎನ್ನುತ್ತಾರೆ. ನಾನೂ ಹಾಗೆ ನಕ್ಕವನೇ. ತೊಂಬತ್ತರ ದಶಕದ ಕೊನೆಗೆ ನನ್ನ ಮೂಗೇ ಕೈಕೊಟ್ಟಾಗ ಮಾತ್ರ ನಗು ಬರಲಿಲ್ಲ. ಏಕೆಂದರೆ ನಾನು ಅನ್ನ ತಿನ್ನುತ್ತಿದ್ದುದೇ ಆ ಮೂಗಿನಿಂದ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜ ಹದಮಾಡುವ ಕಾರ್ಖಾನೆಯಲ್ಲಿ, ನಾನು ಕಾಫಿಯ ರುಚಿ ನೋಡುವವನು. ಮೂಡಿಗೆರೆ, ಕಳಸ, ಗೋಣಿಬೀಡು ಕಡೆಯ ಎಸ್ಟೇಟುಗಳಿಂದ ಬಂದ ಸ್ಯಾಂಪಲ್‌ಗಳನ್ನು ಹುರಿದು, ಪುಡಿ ಮಾಡಿ, ಬಿಸಿನೀರು ಹುಯ್ದು ಸಾಲಾಗಿ ಇಡುತ್ತಿದ್ದರು. ನಾನು ಒಂದೊಂದೇ ಕಪ್ಪಿನ ಮೇಲೆ ಬಗ್ಗಿ ಮೂಸಿ, ಚಮಚದಿಂದ ಸೊರ್ರೆಂದು ಹೀರಿ, ಉಗುಳಿ, ತೀರ್ಪು ಕೊಡಬೇಕು. ಇದು ಮುಗ್ಗಲು, ಇದು ಹುಳಿ, ಇದು ಚೊಕ್ಕ. ಎಸ್ಟೇಟ್ ಮಾಲೀಕರು ಕೂಡ ನನ್ನ ಮುಖವನ್ನೇ ನೋಡುತ್ತ ಕೈಕಟ್ಟಿ ನಿಲ್ಲುತ್ತಿದ್ದರು. ಅಂಥ ಗತ್ತು ಮನುಷ್ಯನನ್ನು ಕೆಡಿಸದೆ ಬಿಡುವುದಿಲ್ಲ.

ಮನೆಯಲ್ಲಿ ನಾವಿಬ್ಬರೇ. ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದ ಅಕ್ಕ ಸರೋಜ, ಮತ್ತು ಮದುವೆಯಾಗದ ನಾನು. ಬಂದ ಸಂಬಂಧಗಳನ್ನೆಲ್ಲ ನಾನು ಮೂಸಿ ಮೂಸಿ ಬಿಟ್ಟುಬಿಟ್ಟೆ ಎಂದು ಅಕ್ಕ ನೆಂಟರಿಷ್ಟರ ಮುಂದೆ ಹೇಳುತ್ತಿದ್ದಳು. ಆದರೆ ಅವಳಿಗೆ ನನ್ನ ಮೂಗಿನ ಮೇಲೆ ದೇವರಿಗಿಂತ ಹೆಚ್ಚು ಭಕ್ತಿ. ತುಪ್ಪ ಕೊಳ್ಳುವಾಗ, ಮೊಸರು ನಿನ್ನೆಯದೋ ಮೊನ್ನೆಯದೋ ಎಂದು ತಿಳಿಯಬೇಕಾದಾಗ, ನಾನು ಮೂಸಿ ತಲೆಯಾಡಿಸಿದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಮೂಗು ಒಂದೇ ದಿನ ಹೋಗಲಿಲ್ಲ. ಮೊದಲು ನೆಗಡಿ ಎಂದುಕೊಂಡೆ. ಆಮೇಲೆ ಒಂದು ದಿನ ಕಪ್ಪಿನ ಮೇಲೆ ಬಗ್ಗಿದರೆ ಬರೀ ಬಿಸಿ ಹಬೆ, ಕಾಫಿಯೇ ಇಲ್ಲ. ನಾನು ಮಾಡಿದ ಮೊದಲ ಕೆಲಸವೆಂದರೆ ಮುಖ ಗಂಭೀರ ಮಾಡಿಕೊಂಡದ್ದು. ಸ್ಯಾಂಪಲ್ ಹುರಿಯುತ್ತಿದ್ದ ರತ್ನಾಕರ ಇಪ್ಪತ್ತು ವರ್ಷದ ಅನುಭವಸ್ಥ. "ಇದು ಎಂತ ಅನ್ನಿಸ್ತದೆ ರತ್ನಾಕರ?" ಎಂದು ಶಿಷ್ಯನನ್ನು ಪರೀಕ್ಷಿಸುವ ಗುರುವಿನಂತೆ ಕೇಳಿ, ಅವನು ಹೇಳಿದ್ದನ್ನೇ ತೀರ್ಪಾಗಿ ಬರೆಯತೊಡಗಿದೆ. ಅವನು ರಜೆ ಹಾಕಿದ ಒಂದು ದಿನ ಮುಗ್ಗಲು ಹಿಡಿದ ಕಾಫಿಯನ್ನು ಚೊಕ್ಕ ಎಂದು ಬರೆದುಬಿಟ್ಟೆ. ಅದು ಗೊತ್ತಾದಾಗ ಮ್ಯಾನೇಜರು ಬೈಯಲಿಲ್ಲ. ಮೂಗು ತೋರಿಸಿಕೊಂಡು ಬನ್ನಿ, ಸರಿಯಿದೆ ಎಂದು ಡಾಕ್ಟರ ರಿಪೋರ್ಟ್ ತನ್ನಿ ಎಂದಷ್ಟೇ ಹೇಳಿದರು.

ಆ ವರ್ಷ ಘಟ್ಟದ ಕೆಳಗಿನ ಒಂದು ಮೆಡಿಕಲ್ ಕಾಲೇಜಿನವರು ಕಿವಿ, ಮೂಗು, ಗಂಟಲಿನ ಕ್ಯಾಂಪನ್ನು ನಮ್ಮೂರಲ್ಲಿ ತಿಂಗಳಿಗೊಮ್ಮೆ ನಡೆಸುತ್ತಿದ್ದರು. ಡಾಕ್ಟರ್ ವೀಣಾ ಎಂಬ ಮೃದು ಮಾತಿನ ಹೆಂಗಸು ನನ್ನ ಮೂಗಿನೊಳಗೆ ದೀಪ ಹಾಯಿಸಿ, ಎರಡೂ ಹೊಳ್ಳೆಯಲ್ಲಿ ದುರ್ಮಾಂಸ ಬೆಳೆದಿದೆ ಎಂದರು. ಅದಕ್ಕೊಂದು ಹೊಸ ಸ್ಪ್ರೇಯ ಸಂಶೋಧನೆ ನಡೆದಿತ್ತು. ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧ ಜನಕ್ಕೆ ಉಪ್ಪುನೀರು. ಯಾರಿಗೆ ಯಾವುದೆಂದು ಕೊನೆಯವರೆಗೆ ಅವರಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಒಪ್ಪಿ ಸಹಿ ಹಾಕಿದೆ. ಪ್ರತಿ ತಿಂಗಳು ಕಂದು ಬಣ್ಣದ ಸಣ್ಣ ಬಾಟಲಿಗಳನ್ನು ಮೂಸಿ ಇದು ಲವಂಗ, ಇದು ಸೀಮೆಎಣ್ಣೆ ಎಂದು ಹೇಳಬೇಕು. ಎರಡು ತಿಂಗಳು ಪ್ರಾಮಾಣಿಕವಾಗಿ ಫೇಲಾದೆ. ಮೂರನೆಯ ತಿಂಗಳಿಗೆ ಮ್ಯಾನೇಜರು ರಿಪೋರ್ಟಿಗಾಗಿ ಮತ್ತೆ ಕೇಳಿದ್ದರು. ಪರದೆಯ ಆಚೆ ಕಳಸದ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಮಗ್ಗಿ ಒಪ್ಪಿಸುವಂತೆ ಜೋರಾಗಿ ಬಾಟಲಿಗಳ ಹೆಸರು ಹೇಳುತ್ತಿದ್ದರು. ನಾನು ಕಿವಿಗೊಟ್ಟು ಬಾಯಿಪಾಠ ಮಾಡಿ, ಒಳಗೆ ಹೋಗಿ ಅದೇ ಕ್ರಮದಲ್ಲಿ ಒಪ್ಪಿಸಿದೆ. ಡಾಕ್ಟರಿಗೆ ಎಷ್ಟು ಸಂತೋಷವಾಯಿತೆಂದರೆ, ನನಗೇ ಒಂದು ಕ್ಷಣ ಲವಂಗದ ವಾಸನೆ ಬಂದಂತಾಯಿತು. ರಿಪೋರ್ಟ್ ಸಿಕ್ಕಿತು, ಕೆಲಸ ಉಳಿಯಿತು.

ಅದೇ ಮಳೆಗಾಲದಲ್ಲಿ ಅಕ್ಕನ ಎಡಗಾಲಿನ ಕಿರುಬೆರಳಿಗೆ ಹೊಸ ಚಪ್ಪಲಿ ಉಜ್ಜಿ ಗಾಯವಾಯಿತು. ಅವಳಿಗೆ ಸಕ್ಕರೆ ಕಾಯಿಲೆ. ಪಾದ ಜೋಮು ಹಿಡಿದು ನೋವೇ ತಿಳಿಯುತ್ತಿರಲಿಲ್ಲ. ಗಾಯ ಅವಳ ಕಣ್ಣಿಗೆ ಸರಿಯಾಗಿ ಕಾಣುವ ಜಾಗದಲ್ಲೂ ಇರಲಿಲ್ಲ. ದಿನಾ ಸಂಜೆ ನಾನೇ ತೊಳೆದು, ಮುಲಾಮು ಹಚ್ಚಿ, ಪಟ್ಟಿ ಕಟ್ಟುತ್ತಿದ್ದೆ. ಗಾಯ ಮೇಲೆ ಒಣಗಿದಂತೆ ಕಾಣುತ್ತಿತ್ತು, ನನ್ನ ಪಟ್ಟಿಯಂತೂ ನೋಡಲು ಬಹಳ ಅಚ್ಚುಕಟ್ಟು. ಒಂದು ದಿನ ಅವಳು, ಏನಾದರೂ ವಾಸನೆ ಬರುತ್ತದಾ ಎಂದು ಕೇಳಿದಳು. ನಾನು ಕಪ್ಪಿನ ಮೇಲೆ ಬಗ್ಗುವ ಗತ್ತಿನಲ್ಲೇ ಬಗ್ಗಿ ಮೂಸಿ, ಎಂತದೂ ಇಲ್ಲ ಎಂದೆ.

ವಾರ ಕಳೆದು ಪಕ್ಕದ ಮನೆಯ ಶಾರದಮ್ಮ ಹಪ್ಪಳ ಕೊಡಲು ಬಂದರು. ಹೊಸಿಲು ದಾಟದೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಳಗೆ ಎಲ್ಲೋ ಇಲಿ ಸತ್ತಿರಬೇಕು ನೋಡಿ ಎಂದರು. ನಾನು ಅಟ್ಟ ಹತ್ತಿ ಇಲಿ ಹುಡುಕಿದೆ. ಹುಡುಕುತ್ತಿರುವಾಗ ಕೆಳಗೆ ಅಕ್ಕ ತನ್ನ ಕಾಲನ್ನೇ ನೋಡುತ್ತ ಕೂತದ್ದು ಕಂಡಿತು. ಏಣಿ ಇಳಿದು ಬಂದು ಆಟೋ ಕರೆದೆ.

ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ನಾಲ್ಕು ದಿನ ಮುಂಚೆ ಬಂದಿದ್ದರೆ ಬೆರಳಿನಲ್ಲೇ ಮುಗಿಯುತ್ತಿತ್ತೆಂದು ಸರ್ಜನ್ ಹೇಳಿದರು. ಎಚ್ಚರವಾದ ಮೇಲೆ ಅಕ್ಕ ನನ್ನನ್ನು ಹತ್ತಿರ ಕರೆದು, ತಪ್ಪು ತನ್ನದೇ ಎಂಬಂತೆ ಮೆಲ್ಲಗೆ ಹೇಳಿದಳು: "ನಂಗೆ ವಾಸನೆ ಬರ್ತಿತ್ತು ಮಾರಾಯ. ನಿನ್ನ ಮೂಗಿಗೇ ಸಿಗದ್ದು ನಂಗೆಲ್ಲಿ ಬರ್ತದೆ, ನನ್ನ ಭ್ರಮೆ ಅಂದ್ಕೊಂಡೆ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮೂಸಂಬಿ ಸುಲಿದು ಕೊಟ್ಟೆ.

ಮುಂದಿನ ಕ್ಯಾಂಪಿನಲ್ಲಿ ಬಾಟಲಿ ಮುಟ್ಟದೆ ಡಾಕ್ಟರ್ ವೀಣಾ ಅವರ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ನನ್ನ ಹಾಳೆಯನ್ನು ಫೈಲಿನಿಂದ ತೆಗೆದು ಪಕ್ಕಕ್ಕಿಟ್ಟರು. "ನನ್ನ ಸಂಶೋಧನೆಯಿಂದ ನಿಮ್ಮ ಅಂಕಿ ತೆಗೆಯಬಹುದು. ಅಕ್ಕನಿಗೆ ಹೇಳಿದ್ದೀರಾ?" ಎಂದರು. ಇಲ್ಲ ಎಂದು ತಲೆಯಾಡಿಸಿದೆ. "ಅವರಿಗೆ ಇನ್ನೊಂದು ಕಾಲಿದೆ. ಇವತ್ತೇ ಹೇಳಿ."

ಹೇಳಿದೆ. ಅಕ್ಕ ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಬೈಯಲಿ ಎಂದು ಕಾದೆ. ಮೊರದ ಅಕ್ಕಿಯೆಲ್ಲ ಮುಗಿದ ಮೇಲೆ, "ಮೊದಲೇ ಹೇಳಿದ್ರೆ ನಾನೇ ಮೂಸಿ ನೋಡ್ತಿದ್ನಲ್ಲ" ಎಂದಳು. ಮತ್ತೆ ಆ ವಿಷಯ ಎತ್ತಲಿಲ್ಲ. ನನಗೆ ಎರಡು ದಿನ ಅನ್ನ ಇಳಿಯಲಿಲ್ಲ. ಅವಳು ಮಾತ್ರ ಊರುಗೋಲು ಊರಿಕೊಂಡು ಬಂದು ಬಡಿಸುತ್ತಿದ್ದಳು.

ಮ್ಯಾನೇಜರಿಗೂ ಹೇಳಿದೆ. ನನ್ನ ಜಾಗಕ್ಕೆ ರತ್ನಾಕರ ಬಂದ, ನನ್ನನ್ನು ಗೋಣಿಚೀಲದ ಗೋಡೌನಿಗೆ ಹಾಕಿದರು. ಸಂಶೋಧನೆ ಮುಗಿದ ಮೇಲೆ ಒಂದು ಕಾಗದ ಬಂತು. ನನಗೆ ಕೊಟ್ಟದ್ದು ಉಪ್ಪುನೀರು. ಬರೀ ಉಪ್ಪುನೀರು ಎಳೆದುಕೊಂಡು ಇಷ್ಟು ಗುಣಮುಖನಾದವನು ಆ ಗುಂಪಿನಲ್ಲಿ ನಾನೊಬ್ಬನೇ ಇದ್ದಿರಬೇಕು.

ಈಗ ಬಲಗಾಲನ್ನು ತೊಳೆದು ಒರೆಸುವವನು ನಾನು, ಒರೆಸಿದ ಬಟ್ಟೆಯನ್ನು ಮೂಸುವವಳು ಅಕ್ಕ. ದಿನಾ "ಎಂತದೂ ಇಲ್ಲ" ಎನ್ನುತ್ತಾಳೆ. ನಿಜವಾಗಿ ಇಲ್ಲವೋ, ನನಗೆ ಸಮಾಧಾನವಾಗಲಿ ಎಂದು ಹೇಳುತ್ತಾಳೋ, ತಿಳಿಯುವ ಉಪಾಯ ನನಗಿಲ್ಲ. ಅದಕ್ಕೇ ಅವಳು ಎಷ್ಟು ಬೇಡವೆಂದರೂ ಹದಿನೈದು ದಿನಕ್ಕೊಮ್ಮೆ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುತ್ತೇನೆ. ಅಲ್ಲಿಯ ನರ್ಸ್ ಒಮ್ಮೆ ಕೇಳಿದರು, ಅವರೇ ಏನಿಲ್ಲ ಅಂತಿದ್ದಾರಲ್ಲ, ಅವರ ಮಾತಿನಲ್ಲಿ ನಿಮಗೆ ನಂಬಿಕೆ ಇಲ್ಲವಾ ಎಂದು.

"ನಂಬಿಕೆ ಇದೆ ಸಿಸ್ಟರ್," ಎಂದೆ. "ಆದರೆ ಅವಳು ನನ್ನ ಒಡಹುಟ್ಟಿದವಳು."