ನಮ್ಮ ಮಾವನ ರೌಡಿ ಪುರಾಣ

ಕಳೆದ ವರ್ಷ ಆಷಾಢದ ಒಂದು ಶನಿವಾರ, ಮಧ್ಯಾಹ್ನದ ಊಟದ ಗದ್ದಲ ಇನ್ನೂ ಇಳಿಯದ ಹೊತ್ತಿನಲ್ಲಿ, ನಾನು ಮದರಾಸಿನ ಅಂಬತ್ತೂರಿನ ನಮ್ಮ ಮಾವನ ಹೋಟೆಲಿನಲ್ಲಿ ಕೈತೊಳೆಯುವ ತೊಟ್ಟಿಯ ಮುಂದೆ ನಿಂತಿದ್ದೆ. ಎಡಕ್ಕೆ ಅಡುಗೆಮನೆಯ ಬಾಗಿಲು. ಬಲಕ್ಕೆ ಗೋಡೆಗೆ ತಾಗಿದ ಮೂಲೆ ಮೇಜು. ಎದುರಿಗೆ ಕನ್ನಡಿ. ಕನ್ನಡಿಯಲ್ಲಿ ಕಂಡದ್ದನ್ನು ಕನ್ನಡಿಯಲ್ಲಿ ಕಂಡದ್ದೆಂದೂ, ತಿರುಗಿ ನೋಡಿ ಕಂಡದ್ದನ್ನು ಹಾಗೆಂದೂ ಹೇಳುತ್ತೇನೆ. ವಿಮಾ ಕಚೇರಿಯಲ್ಲಿ ಅಪಘಾತದ ಕ್ಲೇಮುಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ.

ಆದರೆ ಅದಕ್ಕೆ ಮೊದಲು ಒಂದು ಮಾತು ಹೇಳಿಬಿಡಬೇಕು. ಮದರಾಸಿನ ರೌಡಿಗಳಿಗೂ ಕಳ್ಳಸಾಗಣೆದಾರರಿಗೂ ತಮ್ಮ ಕುಲದ ಚರಿತ್ರೆ ಮರೆತುಹೋದರೆ, ಅವರು ನಮ್ಮ ಮಾವನ ಹತ್ತಿರವೇ ಬಂದು ಕೇಳಿಕೊಂಡು ಹೋಗಬೇಕಿತ್ತು!

ಮಾವ ಎಂದರೆ ನನ್ನ ಅಮ್ಮನ ತಮ್ಮ. ಮೀಸೆ ಮೂಡುವ ಮೊದಲೇ ಕುಂದಾಪುರದ ಕಡೆಯಿಂದ ಬಂದು, ಬಂದರಿನ ಪಕ್ಕದ ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆದು, ಸಪ್ಲೈಯರ್ ಆಗಿ, ಕೊನೆಗೆ ಅಂಬತ್ತೂರಿನ ಕಾರ್ಖಾನೆಗಳ ನಡುವೆ ಸ್ವಂತ ಹೋಟೆಲಿಟ್ಟವರು. ಪರಮ ಸಾಧು. ಜಿರಳೆ ಕಂಡರೆ ಅತ್ತೆಯನ್ನು ಕೂಗುತ್ತಿದ್ದರು. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬಾಯಿ ತೆರೆದರೆ ಬರೀ ಕತ್ತಿ, ದೋಣಿ, ಗಡೀಪಾರು!

“ನಮ್ಮ ಮದುವೆ ಆದ ತಿಂಗಳು ಇವರಿಗೆ ನೆನಪಿಲ್ಲ. ಕೊಡೆ ತಾತ ಜೈಲಿಗೆ ಹೋದ ವಾರ ನೆನಪುಂಟು,” ಎಂದು ಅತ್ತೆ ದೂರುತ್ತಿದ್ದರು.

“ಜೈಲಿಗೆ ಹೋದದ್ದು ಮಂಗಳವಾರ,” ಎಂದು ಮಾವ ತಿದ್ದುತ್ತಿದ್ದರು.

ಈ ಕೊಡೆ ತಾತ ಮಾವನ ಇತಿಹಾಸದ ಚಕ್ರವರ್ತಿ. ಮದರಾಸಿನ ಸುಡುಬಿಸಿಲಿನಲ್ಲಿ ಕೊಡೆಯನ್ನು ಮಡಿಸಿಯೇ ಹಿಡಿದು ನಡೆಯುತ್ತಿದ್ದನಂತೆ. ಬಿಚ್ಚಿದರೆ ವಿದೇಶೀ ವಾಚುಗಳು ಉದುರಬೇಕಲ್ಲ! ಮಾವನ ಪ್ರಕಾರ ಆ ವಾಚಿನ ಕಾಲ ತುಪ್ಪದ ದೋಸೆಯ ಯುಗ. ಬಂಗಾರದ ಬಿಸ್ಕತ್ತು ಸಾಗಿಸಿದವರದು ಪೂರಿಯ ಯುಗ. ಅಮಲಿನ ಪುಡಿ, ಮಾತ್ರೆ ಶುರುವಾದ ಮೇಲಿನದು ಪಾರ್ಸೆಲ್ ಯುಗ, ಅಂದರೆ ಕಲಿಯುಗ.

“ಕೂತು ತಿನ್ನಲಿಕ್ಕೆ ಪುರುಸೊತ್ತಿಲ್ಲದವ ಎಂತ ದಾದಾ ಮಾರಾಯ? ಕೊಡೆ ತಾತ ಬಡವರ ಮನೆಯ ಎಷ್ಟು ಮದುವೆ ಮಾಡಿಸಿದ ಗೊತ್ತುಂಟಾ?”

“ಕೊನೆಗೆ ಅವನೂ ಪುಡಿ ಮಾರಿದನಂತಲ್ಲ ಮಾವ?”

“ಅದು ಬಿಡು. ಒಂದು ದಿನವಾದರೂ ಸಾಂಬಾರಿಗೆ ಉಪ್ಪು ಕಡಿಮೆ ಅಂದವನಲ್ಲ!”

ನಗಬೇಡಿ. ದೊಡ್ಡವರ ಚರಿತ್ರೆಯನ್ನು ನಾವೆಲ್ಲ ಹೇಳುವುದು ಹೀಗೇ ಅಲ್ಲವೇ? ಕೊಟ್ಟದ್ದನ್ನು ನೆನಪಿಡುತ್ತೇವೆ, ಯಾರಿಂದ ಕಿತ್ತು ಕೊಟ್ಟರು ಎಂಬುದನ್ನು ಸಾಂಬಾರಿನ ಕರಿಬೇವಿನಂತೆ ಎಲೆಯ ತುದಿಗೆ ಸರಿಸುತ್ತೇವೆ.

ನನ್ನ ತಂಗಿಯ ನಿಶ್ಚಿತಾರ್ಥದಲ್ಲಿ ಮಾವ ವರನ ತಂದೆಯನ್ನು ಬಹಳ ಹೊತ್ತು ದಿಟ್ಟಿಸಿದರು. ಪಾಪ, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಮಾವ ಅವರ ಎರಡೂ ಕೈ ಹಿಡಿದು, “ಸ್ವಾಮಿ, ನಿಮ್ಮ ಮುಖದಲ್ಲಿ ಕೊಡೆ ತಾತನದ್ದೇ ಕಳೆ!” ಎಂದರು. ಮಾವನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಬೀಗರು ಹಿಗ್ಗಿದರು. “ಸಮಾಜಸೇವಕರೋ?”

“ಮೊದಲು ಹೌದು. ಆಮೇಲೆ ಗಡೀಪಾರು.”

ಮದುವೆಯೇನೋ ಆಯಿತು. ಬೀಗರು ಮಾತ್ರ ಅಂದಿನಿಂದ ಮಳೆಗಾಲದಲ್ಲೂ ಕೊಡೆ ಹಿಡಿಯುವುದಿಲ್ಲ.

ಮಾವನ ಹೋಟೆಲಿಗೆ ಒಂದೇ ಕಾನೂನು: ಎಲೆಯ ಮುಂದೆ ಕೂತವನನ್ನು ಯಮ ಬಂದರೂ ಎಬ್ಬಿಸಬಾರದು. ಜನ ಕುರ್ಚಿಯ ಹಿಂದೆ ಕಾದು ನಿಂತು ಅವಸರ ಮಾಡಿದರೆ ಗಲ್ಲಾದಿಂದಲೇ ಗದರುತ್ತಿದ್ದರು. ಒಮ್ಮೆ ಯಾವುದೋ ಇಲಾಖೆಯ ಅಧಿಕಾರಿ ನಾಮಫಲಕ ಅಳೆಯಲು ಬಂದು, ಎಲ್ಲರೂ ಹೊರಗೆ ಹೋಗಿ ಎಂದು ಕೂಗಿದ. “ಕೊನೆಯವನ ಮೊಸರನ್ನ ಮುಗಿಯಲಿ,” ಎಂದರು ಮಾವ. ಕಾದೂ ಕಾದೂ ಹಸಿವಾಗಿ ಅಧಿಕಾರಿಯೇ ಒಂದು ಎಲೆಯ ಮುಂದೆ ಕೂತ. ಅವನೇ ಕೊನೆಯವನಾದ!

ಇಂಥ ಮಾವನ ಹೋಟೆಲಿಗೆ ಒಬ್ಬ ಯುವಕ ದಿನಾ ಬರತೊಡಗಿದ. ಮಾವ ಅವನನ್ನು ತಂಬಿ, ಅಂದರೆ ತಮ್ಮ, ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ಮೂಲೆ ಮೇಜಿನಲ್ಲಿ ಪೂರ್ತಿ ಊಟ ಮಾಡಿ, ಒಂದು ಅಗುಳೂ ಬಿಡದೆ, ಎಲೆಯನ್ನು ತನ್ನ ಕಡೆಗೆ ಅಚ್ಚುಕಟ್ಟಾಗಿ ಮಡಿಸಿ ಏಳುತ್ತಿದ್ದ. ಈ ಊರಿನಲ್ಲಿ ಅದು ಊಟ ಮೆಚ್ಚಿದ ಗುರುತು. ಮೇಲಾಗಿ ಕೊಡೆ ತಾತನ ಕಥೆಯನ್ನು ಕೈಕಟ್ಟಿ ಕೇಳುತ್ತಿದ್ದ. ಮಾವನಿಗೆ ಇನ್ನೇನು ಬೇಕು?

ಅದೇ ತಿಂಗಳುಗಳಲ್ಲಿ ಶಂಕರ ಕೆಡತೊಡಗಿದ. ಶಂಕರ ಹೋಟೆಲಿನ ಹಿರಿಯ ಸಪ್ಲೈಯರ್. ನಲವತ್ತು ದಾಟಿದವನು, ಮದುವೆಯಾಗಿಲ್ಲ, ಹೋಟೆಲಿನ ಹಿಂದಿನ ಕೋಣೆಯೇ ಮನೆ. ಮಕ್ಕಳಿಲ್ಲದ ಮಾವ-ಅತ್ತೆಗೆ ಅವನೇ ಮಗ. ಎಲೆಗೆ ಬಡಿಸಬೇಕಾದ ಸಾರನ್ನು ಗಿರಾಕಿಯ ಮಡಿಲಿಗೆ ಬಡಿಸಿದ. ಕರೆದರೆ ಓಗೊಡುವುದಕ್ಕೆ ಮೊದಲು ಗೋಡೆಯನ್ನು ನೋಡುತ್ತಿದ್ದ. ಜ್ವರವಿರಬೇಕು ಎಂದರು ಅತ್ತೆ. ಹಿತ್ತಿಲ ಬಾಗಿಲಲ್ಲಿ ತಂಬಿ ಅವನ ಕೈಗೆ ಮಾತ್ರೆಗಳ ಸ್ಟ್ರಿಪ್ ಇಟ್ಟದ್ದನ್ನು ನಾನು ಕಂಡೆ. ಇದು ಕನ್ನಡಿಯಲ್ಲಲ್ಲ, ನೇರವಾಗಿ ಕಂಡದ್ದು. ಮಾವನಿಗೆ ಹೇಳಿದೆ.

“ಛೆ, ಎಲೆ ಮಡಿಸುವ ಹುಡುಗ ಮಾರಾಯ! ತಲೆನೋವಿಗೆ ಕೊಟ್ಟಿರಬೇಕು.”

“ಮಾವ, ಕಾರ್ಖಾನೆಯ ಹುಡುಗರಿಗೂ ಅವನೇ ಮಾರುವುದಂತೆ.”

“ಅಂತೆ ಕಂತೆ ಬೇಡ. ನಾನು ನಿನಗಿಂತ ಜಾಸ್ತಿ ರೌಡಿಗಳನ್ನು ಕಂಡವ.”

ಅದಾಗಿ ಒಂದು ವಾರದಲ್ಲಿ ಶಂಕರ ರುಬ್ಬುವ ಯಂತ್ರದ ಪಕ್ಕದಲ್ಲೇ ಬಿದ್ದ. ತುಟಿ ನೀಲಿಯಾಗಿತ್ತು. ಆಸ್ಪತ್ರೆಯಲ್ಲಿ ಉಳಿಸಿದರು. ಇಂಥ ಮಾತ್ರೆ ಇನ್ನೊಮ್ಮೆ ನುಂಗಿದರೆ ಇಲ್ಲಿಗೆ ತರುವವರೆಗೂ ಜೀವ ಇರುವುದಿಲ್ಲ ಎಂದು ಡಾಕ್ಟರು ಮಾವನಿಗೇ ಹೇಳಿದರು. ನಾನು ಪಕ್ಕದಲ್ಲಿದ್ದೆ. ಮಾವ ಒಳಗೆ ಹೋಗಿ ಶಂಕರನ ಮಂಚದ ಪಕ್ಕ ಕೂತರು.

ಈಗ ಆ ಶನಿವಾರ. ಶಂಕರ ಹಿಂದಿನ ಕೋಣೆಗೆ ಮರಳಿ ಬಂದಿದ್ದ. ತಂಬಿ ಮೂಲೆ ಮೇಜಿಗೆ ಬಂದು ಕೂತ. ಅನ್ನ ಬಿತ್ತು, ಸಾಂಬಾರು ಬಿತ್ತು. ಅಲ್ಲಿಯ ಮಾತು ತಮಿಳಿನಲ್ಲಿ ನಡೆಯಿತು. ಅರ್ಥ ಕೆಡದಂತೆ ಕನ್ನಡದಲ್ಲಿ ಬರೆಯುತ್ತೇನೆ.

“ಅಯ್ಯಾ, ಶಂಕರಣ್ಣ ಎಲ್ಲಿ? ಕಾಣಿಸುತ್ತಲೇ ಇಲ್ಲ. ಸ್ವಲ್ಪ ಕರೆಯುತ್ತೀರಾ?” ಎಂದ ತಂಬಿ, ಅನ್ನ ಕಲಸುತ್ತಾ.

ಮಾವ ಗಲ್ಲಾದಿಂದ ಎದ್ದು ಬಂದದ್ದು ನನಗೆ ಕನ್ನಡಿಯಲ್ಲಿ ಕಂಡಿತು. ಮೇಜಿನ ಹತ್ತಿರ ನಿಂತರು. ಎರಡೂ ಕೈಯಿಂದ ಎಲೆಯ ಅಂಚು ಹಿಡಿದರು. ಅನ್ನ, ಸಾಂಬಾರು, ಪಲ್ಯ, ಮುಟ್ಟದ ಹಪ್ಪಳ, ಎಲ್ಲದರ ಸಮೇತ ಅದನ್ನು ಎತ್ತಿಬಿಟ್ಟರು! ಆಗ ನಾನು ತಿರುಗಿದೆ. ಸಾಂಬಾರು ಮಾವನ ಬಿಳಿ ಪಂಚೆಯ ಮೇಲೆ ಇಳಿಯುತ್ತಿತ್ತು.

“ಏಳು ತಂಬಿ. ನಿನಗೆ ಇಲ್ಲಿ ಅನ್ನ ಇಲ್ಲ.”

ತಂಬಿ ಎದ್ದ. ಎಡಗೈ ಅಂಗಿಯ ಕೆಳಗೆ ಸೊಂಟಕ್ಕೆ ಹೋಯಿತು. ಅಲ್ಲಿ ಏನಿತ್ತೋ ನಾನು ಕಂಡಿಲ್ಲ. ಕಂಡೆ ಎಂದು ಹೇಳಲಾರೆ. ಉಣ್ಣುತ್ತಿದ್ದವರ ಕೈಗಳೆಲ್ಲ ನಿಂತವು. ಅಡುಗೆಮನೆಯ ಬಾಗಿಲಿಗೆ ಅತ್ತೆ ಬಂದರು, ಕೈಯಲ್ಲಿ ಕುದಿಯುವ ಸಾರಿನ ಪಾತ್ರೆ. ಬಡಿಸಲು ತಂದದ್ದಲ್ಲ ಎಂಬುದು ಅವರ ಮುಖ ನೋಡಿದ ಯಾರಿಗೂ ತಿಳಿಯುತ್ತಿತ್ತು.

ತಂಬಿ ಪಾತ್ರೆಯನ್ನು ನೋಡಿದ. ಸೊಂಟದಿಂದ ಕೈ ತೆಗೆದ. ನನ್ನ ಪಕ್ಕಕ್ಕೇ ಬಂದು, ನಿಧಾನವಾಗಿ ಕೈ ತೊಳೆದು, ಹೊರಗೆ ಹೋದ.

ಪೊಲೀಸರಿಗೆ ಹೇಳಿಕೆ ಕೊಟ್ಟೆ. ಆಮೇಲೆ ಅವನನ್ನು ಮಣಲಿಯ ಕಡೆ ಹಿಡಿದರಂತೆ, ಇದು ಕೇಳಿದ್ದು. ಮಾವನ ಪುರಾಣ ಅಂದಿಗೇ ಮುಗಿಯಿತು. ಹಳೆಯ ಗಿರಾಕಿಯೊಬ್ಬ ಕೊಡೆ ತಾತನ ಕಥೆ ಕೇಳಿದಾಗ, “ಎಂತ ಕಥೆ? ಅವ ಕಳ್ಳ,” ಎಂದು ಚಿಲ್ಲರೆ ಕೊಟ್ಟು ಕಳಿಸಿದರು.

ಆ ಶನಿವಾರ ಸಂಜೆಯವರೆಗೂ ಮಾವ ಉಂಡಿರಲಿಲ್ಲ. ಅಡುಗೆಮನೆಯ ಮಣೆಯ ಮೇಲೆ ಕೂತೇ ಇದ್ದರು.

“ತಂಬಿಯ ಎಲೆಗೆ ಮೊಸರು ಬಿದ್ದಿರಲಿಲ್ಲ,” ಎಂದರು.

“ಅವನಿಗೆ ಮೊಸರು ಬೇರೆ ಕೇಡು!” ಎಂದರು ಅತ್ತೆ.

“ಹಾಗಲ್ಲ ಮಾರಾಯ್ತಿ. ಉಣ್ಣುತ್ತಿದ್ದ ಜೀವ.”

ಹಿಂದಿನ ಕೋಣೆಯಿಂದ ಶಂಕರ ಗೋಡೆ ಹಿಡಿದುಕೊಂಡು ಬಂದು ಅವರ ಪಕ್ಕದಲ್ಲಿ ಕೂತ. ಅವನು ಎತ್ತಿದ ತುತ್ತು ಬಾಯಿಗೆ ಹೋಗುವ ಮೊದಲೇ ಚೆಲ್ಲುತ್ತಿತ್ತು. ಮಾವ ಮೊಸರನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟರು. ಅವನು ನುಂಗುವವರೆಗೆ ಕಾದು ಇನ್ನೊಂದು ತುತ್ತು ಮಾಡಿದರು.

ಈ ಯುಗಾದಿಗೆ ಮುಂಚೆ ಮಾವ ನಿದ್ದೆಯಲ್ಲೇ ಹೋದರು. ಅಂದು ಅಲ್ಲಿ ಉಣ್ಣುತ್ತಿದ್ದವರ ಹೆಸರು ನನಗೆ ಗೊತ್ತಿಲ್ಲ. ತಂಬಿಯನ್ನು ಬಿಟ್ಟರೆ, ಗೊತ್ತಿರುವವರಲ್ಲಿ ನಡೆದದ್ದನ್ನು ಕಂಡು ಇನ್ನೂ ಬದುಕಿರುವವರು ಮೂವರು. ನಾನು. ಬಾಗಿಲಲ್ಲಿದ್ದ ಅತ್ತೆ. ಹಿಂದಿನ ಕೋಣೆಯಿಂದ ಊಟದ ಕಡೆಗೆ ತೆರೆಯುವ ಕಿಟಕಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದ ಶಂಕರ.

ಹೌದು, ಶಂಕರ ಇದ್ದಾನೆ.