ನಾಲ್ಕು ಗಂಟೆಯ ಸಂದರ್ಶನ

ತೂಕದ ಸಾಹೇಬರ ಗೇಮ್ ಕನ್ಸೋಲ್ ವಾಸವಾಗಿದ್ದದ್ದು ಕಬ್ಬಿಣದ ಬೀರುವಿನಲ್ಲಿ, ಕಂಬಳಿಗಳ ಹಿಂದೆ. ಅಲ್ಲಿಗೆ ವೈಫೈ ಹೇಗೆ ತಾನೇ ಬಂದೀತು? ಹಾಗಂತ ಹೊರಗಿಡುವಂತೆಯೂ ಇಲ್ಲ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವ ಅಧಿಕಾರಿ, ವಯಸ್ಸು ನಲವತ್ತೇಳು, ಮನೆಯಲ್ಲಿ ಕೂತು ಕಾರ್ ರೇಸ್ ಆಡುತ್ತಾರೆಂದು ಗೊತ್ತಾದರೆ ಜನ ಆಡಿಕೊಂಡು ನಗುವುದಿಲ್ಲವೇ?

ಅವತ್ತು ಸಂಜೆ ನಾಲ್ಕಕ್ಕೆ ಹತ್ತು ಓಟಗಳ ಸರಣಿಯ ಕೊನೆಯ ಪಂದ್ಯ. ಎದುರಾಳಿಯ ಹೆಸರು ‘ಕರಡಿ’, ಮುಖ ಕಂಡವರಿಲ್ಲ. ಸಾಹೇಬರನ್ನು ಆಗಲೇ ಒಂಬತ್ತು ಸಲ ಸೋಲಿಸಿದ್ದ. ಪ್ರತಿ ಸಲವೂ ಕೊನೆಯ ತಿರುವಿನಲ್ಲಿ ಸಿಗ್ನಲ್ ಕೈಕೊಟ್ಟು ಸಾಹೇಬರ ಕಾರು ಕೆಸರಿನಲ್ಲಿ ಹೂತ ಎಮ್ಮೆಯಂತೆ ನಿಂತುಬಿಡುತ್ತಿತ್ತು. ಜನ್ಮದಲ್ಲಿ ಒಂದು ಓಟವನ್ನೂ ಗೆಲ್ಲದ ಮನುಷ್ಯ, ಇವತ್ತೊಂದು ದಿನ ಗೆದ್ದರೆ ಸಾಕೆಂದು ರಜೆ ಹಾಕಿದ್ದರು.

ಹೆಂಡತಿ ಮಧ್ಯಾಹ್ನದ ಪಾಳಿಗೆ ಹೊರಟದ್ದೇ ತಡ, ಕನ್ಸೋಲನ್ನು ಮೇಜಿಗೇರಿಸಿದರು. ಸಿಗ್ನಲ್ಲಿಗೆ ಎರಡೇ ಗೆರೆ. ವೈಫೈ ಡಬ್ಬಿಯನ್ನು ಫ್ರಿಜ್ಜಿನ ಮೇಲಿಟ್ಟರು. ಒಂದು ಗೆರೆಗೆ ಇಳಿಯಿತು. ಕಿಟಕಿಗೆ ಕಟ್ಟೋಣವೆಂದು ಸ್ಟೂಲು ಹತ್ತಿದಾಗ, ತೆರೆದ ಬಾಗಿಲಲ್ಲಿ ಎದುರುಮನೆಯ ವೈರ್‌ಮನ್ ತಲೆ ಹಾಕಿದ.

“ಏನ್ ಸಾರ್, ಡಬ್ಬಿ ಹಿಡ್ಕೊಂಡು ಸರ್ಕಸ್ ಮಾಡ್ತಿದ್ದೀರಿ?”

ಸಾಹೇಬರು ಕೆಳಗಿಳಿದು ಕನ್ಸೋಲಿನ ಮೇಲೆ ಟವೆಲ್ ಎಳೆದರು. “ಅದು... ಬಡ್ತಿಗೆ ಸಂದರ್ಶನ. ನಾಲ್ಕಕ್ಕೆ. ಆನ್‌ಲೈನು.”

“ಮೊದ್ಲೇ ಹೇಳಬಾರ್ದಾ? ಈ ಕಟ್ಟಡದಲ್ಲಿ ಆರು ಮನೆ, ಆರು ಡಬ್ಬಿ. ಎಲ್ಲಾ ಒಟ್ಟಿಗೆ ಕೂಗಾಡ್ತಿದ್ರೆ ನಿಮ್ಮದು ಯಾರಿಗೆ ಕೇಳ್ಸತ್ತೆ? ತಾಳಿ, ಎಲ್ಲರದ್ದೂ ಆಫ್ ಮಾಡಿಸ್ತೀನಿ.”

“ಬೇಡಪ್ಪ, ಅವರಿಗೆಲ್ಲ ಯಾಕೆ ತೊಂದರೆ...” ಎನ್ನುವಷ್ಟರಲ್ಲಿ ಅವನು ಮೆಟ್ಟಿಲೇರಿ ಮಾಯವಾಗಿದ್ದ.

ಅರ್ಧ ಗಂಟೆಯಲ್ಲಿ ಮನೆ ತುಂಬಾ ಜನ. ಕೆಳಮನೆಯ ದರ್ಜಿ ಹೊಸ ಕೋಟು, ಟೈ ತಂದು ಸಾಹೇಬರಿಗೆ ತೊಡಿಸಿಯೇಬಿಟ್ಟ. ಪಕ್ಕದ ಮನೆಯ ನರ್ಸಮ್ಮ ರಕ್ತದೊತ್ತಡ ನೋಡಿ, “ಸ್ವಲ್ಪ ಜಾಸ್ತಿ ಇದೆ, ಹೆದರ್ಕೋಬೇಡಿ” ಎಂದರು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾಗಿದ್ದ ಮೇಲಿನ ಮನೆಯ ಅಜ್ಜಿ ತಮ್ಮ ಡಬ್ಬಿಯನ್ನೇ ಕಿತ್ತು ತಂದಿದ್ದರು. “ನನ್ನ ಹತ್ರ ಇದ್ರೆ ಕೈ ಸುಮ್ನಿರಲ್ಲ, ಆನ್ ಮಾಡ್ಬಿಡ್ತೀನಿ. ನೀನೇ ಇಟ್ಕೋ.”

ಸಾಹೇಬರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ನಿಜ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದರು. ಎರಡು ಸಲವೂ ದರ್ಜಿ ಟೈ ಬಿಗಿದ.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ ನೋಡಿದರೆ ಸಿಗ್ನಲ್ಲು ಪೂರ್ತಿ ನಾಲ್ಕು ಗೆರೆ. ಇಷ್ಟು ದೊಡ್ಡ ಸುಳ್ಳು ಹೇಳಿದ್ದಕ್ಕಾದರೂ ಗೆಲ್ಲಲೇಬೇಕು ಎಂದುಕೊಂಡು ಕೋಟಿನಲ್ಲೇ ಬೆವರುತ್ತ ಕೂತರು. ನಾಲ್ಕಾಯಿತು. ನಾಲ್ಕೂಕಾಲಾಯಿತು. ಕರಡಿಯ ಸುಳಿವಿಲ್ಲ. ಕೊನೆಗೆ ಪರದೆಯ ಮೇಲೆ ಮೂಡಿತು: ‘ಎದುರಾಳಿ ಹಾಜರಿಲ್ಲ. ಪಂದ್ಯ ರದ್ದು.’

ಕನ್ಸೋಲನ್ನು ಬೀರುವಿಗೆ ತಳ್ಳಿ ಬಾಗಿಲು ತೆರೆದರೆ, ಮೆಟ್ಟಿಲ ತುಂಬ ಜನ ಉಸಿರು ಬಿಗಿಹಿಡಿದು ನಿಂತಿದ್ದರು.

“ಏನಾಯ್ತು ಸಾರ್?”

“ಅವರು ಬರಲೇ ಇಲ್ಲ” ಎಂದರು ಸಾಹೇಬರು. ಇದೊಂದಾದರೂ ನಿಜವಾಗಿತ್ತು.

ಎಲ್ಲರೂ ದೊಡ್ಡ ಅಧಿಕಾರಿಗಳಿಗೆ ಮನಸಾರೆ ಶಾಪ ಹಾಕಿ ಹೊರಟರು. ಡಬ್ಬಿ ಒಯ್ಯಲು ಉಳಿದ ಅಜ್ಜಿ ಮಾತ್ರ ಆಚೀಚೆ ನೋಡಿ ದನಿ ತಗ್ಗಿಸಿದರು.

“ನಗಬೇಡ ಕಣಪ್ಪ. ನನಗೂ ನಾಲ್ಕಕ್ಕೆ ಒಂದು ಕಾರ್ ರೇಸ್ ಇತ್ತು. ಈ ವಯಸ್ಸಲ್ಲಿ ಆಡೋಕೆ ನಾಚಿಕೆ, ಅದಕ್ಕೇ ಕರಡಿ ಅಂತ ಹೆಸರಿಟ್ಕೊಂಡಿದೀನಿ. ಯಾರಿಗೂ ಹೇಳ್ಬೇಡ.”

ಸಾಹೇಬರು ಡಬ್ಬಿ ಕೊಡುವುದನ್ನು ಬಿಟ್ಟು ಬೀರುವಿನ ಕಡೆ ನೋಡಿದರು.

“ಹೋಗ್ಲಿ ಬಿಡು, ನಿನ್ನ ಬಡ್ತಿಗಿಂತ ಆಟ ಹೆಚ್ಚಾ? ಆದ್ರೆ ಎದುರಿಗೆ ಆಡೋ ಆ ಹುಡುಗನ್ನ ನೆನೆಸ್ಕೊಂಡ್ರೆ ಕರುಳು ಚುರುಕ್ ಅನ್ನತ್ತೆ. ಒಂಬತ್ತು ಸಲ ಸೋತಿದಾನೆ, ಪಾಪ. ಇವತ್ತು ನಾನೇ ಬೇಕಂತ ಸೋತು ಅವನನ್ನ ಗೆಲ್ಲಿಸ್ಬಿಡೋಣ ಅಂತಿದ್ದೆ.”

ಸಾಹೇಬರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು.

“ಅಯ್ಯೋ, ಅಳ್ತೀಯಾಕೋ?” ಅಜ್ಜಿ ಅವರ ಬೆನ್ನು ಸವರಿದರು. “ನಿನ್ನಂಥ ಸತ್ಯವಂತನಿಗೆ ಬಡ್ತಿ ಸಿಗದೆ ಇನ್ಯಾರಿಗೆ ಸಿಗತ್ತೆ, ಸುಮ್ನಿರು.”